ಹುಬ್ಬಳ್ಳಿ-ಧಾರವಾಡ ಕನ್ನಡದಲ್ಲಿ ಎರವಲು ಪದಗಳು

ಹುಬ್ಬಳ್ಳಿ-ಧಾರವಾಡ ಕನ್ನಡದಲ್ಲಿ ಎರವಲು ಪದಗಳು ಎಂಬುದು ಕರ್ನಾಟಕದ ಹುಬ್ಬಳ್ಳಿ-ಧಾರವಾಡ ಅವಳಿ ನಗರ ಹಾಗೂ ಸುತ್ತಲಿನ ಪ್ರದೇಶದ ಕನ್ನಡಕ್ಕೆ ಅನ್ಯಭಾಷೆಗಳಿಂದ ಬಂದು ಸೇರಿದ ಪದಗಳನ್ನೂ, ಅವು ಕನ್ನಡದ ಧ್ವನಿ, ವ್ಯಾಕರಣ ಮತ್ತು ಅರ್ಥವ್ಯವಸ್ಥೆಗೆ ಹೊಂದಿಕೊಂಡ ಬಗೆಯನ್ನೂ ಕುರಿತ ವಿಷಯ. ಫಾರ್ಸಿ, ಅರಬ್ಬಿ, ದಖನಿ ಉರ್ದು, ಮರಾಠಿ, ಪೋರ್ಚುಗೀಸ್ ಮತ್ತು ಇಂಗ್ಲಿಷ್ ಭಾಷೆಗಳು ಈ ಪದಗಳ ಮುಖ್ಯ ಮೂಲಗಳು. ಸಾಂಪ್ರದಾಯಿಕ ಕನ್ನಡ ವ್ಯಾಕರಣದಲ್ಲಿ ಇಂಥ ಪದಗಳನ್ನು 'ಅನ್ಯದೇಶ್ಯ' ಎಂದು ಕರೆಯಲಾಗುತ್ತದೆ.

ಈ ಪದಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮಾರ್ಗಗಳಿಂದ ಬಂದಿದ್ದರೂ ಅವೆಲ್ಲ ಬಹುಮಟ್ಟಿಗೆ ಒಂದೇ ನಿಯಮಗಳಿಗೆ ಒಳಪಟ್ಟಿವೆ. ಹಳಗನ್ನಡದ 'ಕಲ್' ಎಂಬುದು 'ಕಲ್ಲು' ಆದ ರೀತಿಯಲ್ಲಿಯೇ ಇಂಗ್ಲಿಷಿನ 'ಬಸ್' ಎಂಬುದು 'ಬಸ್ಸು' ಆಗಿದೆ. ಆದ್ದರಿಂದ ಎರವಲು ಪದಗಳ ಅಧ್ಯಯನವು ಹೊರಗಿನ ಭಾಷೆಗಳ ಪ್ರಭಾವವನ್ನು ತಿಳಿಸುವಷ್ಟೇ ಕನ್ನಡದ ಒಳರಚನೆಯನ್ನೂ ತಿಳಿಸುತ್ತದೆ.

## ಹಿನ್ನೆಲೆ

ಅನ್ಯಭಾಷೆಯ ಪದಗಳನ್ನು ತನ್ನ ಜಾಯಮಾನಕ್ಕೆ ಒಗ್ಗಿಸಿಕೊಳ್ಳುವ ಪ್ರಕ್ರಿಯೆ ಕನ್ನಡಕ್ಕೆ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತ ಪದಗಳು ತದ್ಭವಗಳಾಗುವ ನಿಯಮಗಳಿಗಾಗಿ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆಕಾಶ ಎಂಬುದು ಆಗಸ, ಯುಗ ಎಂಬುದು ಜುಗ, ವಿದ್ಯಾ ಎಂಬುದು ಬಿಜ್ಜೆ ಆಗುವುದು ಇಂಥ ಮಾರ್ಪಾಡುಗಳಿಗೆ ಉದಾಹರಣೆ. ಮುಂದಿನ ಶತಮಾನಗಳಲ್ಲಿ ಪಶ್ಚಿಮ ಏಷ್ಯಾ ಮತ್ತು ಯುರೋಪಿನ ಭಾಷೆಗಳಿಂದ ಬಂದ ಪದಗಳೂ ಇದೇ ಬಗೆಯ ಮಾರ್ಪಾಡಿಗೆ ಒಳಗಾದವು.

## ಪದಗಳು ಬಂದ ಮಾರ್ಗಗಳು

### ಫಾರ್ಸಿ, ಅರಬ್ಬಿ ಮತ್ತು ದಖನಿ

1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ ಹಾಗೂ ಅನಂತರದ ಬಿಜಾಪುರದ ಆದಿಲಶಾಹಿ ಆಳ್ವಿಕೆಯ ಅವಧಿಯಲ್ಲಿ ಕಂದಾಯ, ನ್ಯಾಯ ಮತ್ತು ಸೈನ್ಯಕ್ಕೆ ಸಂಬಂಧಿಸಿದ ಪದಗಳು ಹೆಚ್ಚಾಗಿ ಬಂದವು. ಜಮೀನು, ತಾಲೂಕು, ಜಿಲ್ಲೆ, ಕಾನೂನು, ಅರ್ಜಿ, ವಕೀಲ, ಹಕ್ಕು, ನಕಲು, ವಸೂಲು, ಸರ್ಕಾರ ಮುಂತಾದವು ಇಂದು ಇಡೀ ಕರ್ನಾಟಕದಲ್ಲಿ ಬಳಕೆಯಲ್ಲಿವೆ. ಅರಬ್ಬಿ ಮೂಲದ ಪದಗಳಲ್ಲಿ ಹೆಚ್ಚಿನವು ನೇರವಾಗಿ ಬರದೆ ಫಾರ್ಸಿಯ ಮೂಲಕ, ಬಳಿಕ ದಖನಿ ಅಥವಾ ಮರಾಠಿಯ ಮೂಲಕ ಕನ್ನಡವನ್ನು ತಲುಪಿದವು.

### ಮರಾಠಿ

ಪೇಶ್ವೆಗಳ ಆಳ್ವಿಕೆ 1818ರಲ್ಲಿ ಕೊನೆಗೊಂಡ ಬಳಿಕ ಧಾರವಾಡವು ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಆಡಳಿತದಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯ ಮುಂದುವರಿಯಿತು. ಕನ್ನಡ ಶಾಲೆಗಳ ವಿಸ್ತರಣೆಗಾಗಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಹೀಗೆ ಶಿಕ್ಷಣದಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೂ ನಿತ್ಯಬಳಕೆಯ ಮರಾಠಿ ಪದಗಳು ಉಳಿದುಕೊಂಡವು. ಖೋಲಿ (ಕೋಣೆ), ಖಾನಾವಳಿ (ಊಟದ ಮನೆ), ಗಿರಣಿ, ಬರೋಬರಿ, ಉತಾರ (ಭೂದಾಖಲೆಯ ಪ್ರತಿ) ಇವು ಅಂಥವು. ಜಾಹೀರಾತು, ಹವಾಮಾನ, ಸವಲತ್ತು ಮುಂತಾದ ಪದಗಳು ಮರಾಠಿಯ ಮೂಲಕ ಬಂದು ಶಿಷ್ಟ ಕನ್ನಡದಲ್ಲಿಯೂ ನೆಲೆಗೊಂಡಿವೆ.

### ಪೋರ್ಚುಗೀಸ್

ನೆರೆಯ ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸರ ಭಾಷೆಯ ಪದಗಳು ಕೊಂಕಣಿ ಮತ್ತು ಮರಾಠಿಯ ಮೂಲಕ ಈ ಭಾಗಕ್ಕೆ ಬಂದವು. ಚಾವಿ, ಬಟಾಟಿ, ಪಗಾರ, ಲಿಲಾವು, ಪಾದ್ರಿ ಇವು ಪ್ರಮುಖ ಉದಾಹರಣೆಗಳು. ಇವುಗಳಲ್ಲಿ ಮೊದಲ ನಾಲ್ಕು ಉತ್ತರ ಕರ್ನಾಟಕದ ಕನ್ನಡವನ್ನು ಹಳೆ ಮೈಸೂರು ಪ್ರದೇಶದ ಕನ್ನಡದಿಂದ ಬೇರ್ಪಡಿಸುವ ಗುರುತುಗಳೂ ಆಗಿವೆ.

### ಇಂಗ್ಲಿಷ್

ಬ್ರಿಟಿಷ್ ನ್ಯಾಯಾಲಯ, ಮಿಷನ್ ಶಾಲೆ, ರೈಲ್ವೆ ಮತ್ತು ಉನ್ನತ ಶಿಕ್ಷಣ ಇಂಗ್ಲಿಷ್ ಪದಗಳ ಮುಖ್ಯ ವಾಹಕಗಳು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ ಕಾರ್ಯಾರಂಭ ಮಾಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯನ್ನು ತಲುಪಿದವು. ಅಲ್ಲಿ ಸ್ಥಾಪನೆಯಾದ ರೈಲ್ವೆ ಕಾರ್ಯಾಗಾರವು ಯಂತ್ರ ಮತ್ತು ದುಡಿಮೆಯ ಇಂಗ್ಲಿಷ್ ಪದಗಳನ್ನು ಕಾರ್ಮಿಕರ ಮಾತಿಗೆ ತಂದಿತು. ಧಾರವಾಡದಲ್ಲಿ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಹಾಗೂ ಅನಂತರ ಬಂದ ಕರ್ನಾಟಕ ವಿಶ್ವವಿದ್ಯಾಲಯದ ಮೂಲಕ ಶೈಕ್ಷಣಿಕ ಪದಗಳು ಹರಡಿದವು.

## ಧ್ವನಿಯ ಹೊಂದಾಣಿಕೆ

### ಪದಾಂತ್ಯದ ಸ್ವರ ಮತ್ತು ದ್ವಿತ್ವ

ಹಳಗನ್ನಡದಲ್ಲಿ ವ್ಯಂಜನದಿಂದ ಕೊನೆಯಾಗುತ್ತಿದ್ದ ಅನೇಕ ಪದಗಳು ಹೊಸಗನ್ನಡದಲ್ಲಿ ಉಕಾರಾಂತವಾದವು. ಏಕಾಕ್ಷರ ಪದದಲ್ಲಿ ಸ್ವರವು ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನವು ಇಮ್ಮಡಿಸುತ್ತದೆ, ಅಂದರೆ ದ್ವಿತ್ವ ಪಡೆಯುತ್ತದೆ, ದೀರ್ಘವಾಗಿದ್ದರೆ ಇಮ್ಮಡಿಸುವುದಿಲ್ಲ. ಎರವಲು ಪದಗಳು ಇದೇ ನಿಯಮವನ್ನು ಅನುಸರಿಸುತ್ತವೆ.

| ಸ್ವರದ ಬಗೆ | ಕನ್ನಡದ ಸ್ವಂತ ಪದ | ಎರವಲು ಪದ |
|---|---|---|
| ಹ್ರಸ್ವ ಸ್ವರ | ಕಲ್ > ಕಲ್ಲು | ಬಸ್ > ಬಸ್ಸು |
| ಹ್ರಸ್ವ ಸ್ವರ | ಕಣ್ > ಕಣ್ಣು | ಪೆನ್ > ಪೆನ್ನು |
| ದೀರ್ಘ ಸ್ವರ | ಕಾಲ್ > ಕಾಲು | ಕಾರ್ > ಕಾರು |
| ದೀರ್ಘ ಸ್ವರ | ಊರ್ > ಊರು | ರೋಡ್ > ರೋಡು |

ಇಂಗ್ಲಿಷಿನ 'ಬ್ಯಾಟ್', 'ಬ್ಯಾಗ್' ಮುಂತಾದ ಪದಗಳಲ್ಲಿನ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಅದನ್ನು 'ಯಾ' ಎಂದು ಬರೆಯುವುದರಿಂದ ದೀರ್ಘಸ್ವರವೆಂದೇ ಪರಿಗಣಿಸಲಾಗುತ್ತದೆ. ಆದ್ದರಿಂದ ಬ್ಯಾಟು, ಬ್ಯಾಗು ಎಂಬ ರೂಪಗಳಲ್ಲಿ ದ್ವಿತ್ವ ಕಾಣುವುದಿಲ್ಲ.

ಒಂದಕ್ಕಿಂತ ಹೆಚ್ಚು ಅಕ್ಷರಗಳ ಪದಗಳಲ್ಲಿ ಕೊನೆಯ ತಕಾರವು ಹ್ರಸ್ವ ಸ್ವರದ ಮುಂದೆ ಸಾಮಾನ್ಯವಾಗಿ ಇಮ್ಮಡಿಸುತ್ತದೆ: ತಾಕತ್ತು, ಕಿಮ್ಮತ್ತು, ಅದಾಲತ್ತು, ಕಸರತ್ತು. ಲಕಾರಾಂತ ಪದಗಳಲ್ಲಿ ಹೀಗಾಗುವುದಿಲ್ಲ: ಬದಲು, ಅಸಲು, ನಕಲು. ಕನ್ನಡದ್ದೇ ಆದ ಹಗಲು, ಮುಗಿಲು, ಬಾಗಿಲು ಎಂಬ ಪದಗಳೂ ಹೀಗೆಯೇ ಇವೆ.

ಧಾರವಾಡದ ಆಡುಮಾತಿನಲ್ಲಿ ಪದಾಂತ್ಯದ ಉಕಾರವು ಅನೇಕ ವೇಳೆ ಲೋಪವಾಗುತ್ತದೆ ಅಥವಾ ತೀರ ಕ್ಷೀಣವಾಗಿ ಕೇಳಿಸುತ್ತದೆ. ಆದರೆ ವಿಭಕ್ತಿ ಪ್ರತ್ಯಯ ಸೇರಿದಾಗ ದ್ವಿತ್ವವು ಸ್ಪಷ್ಟವಾಗಿ ಉಳಿಯುತ್ತದೆ: ಬಸ್ಸಿಗೆ, ಬಸ್ಸಿನ್ಯಾಗ.

### ಆಕಾರಾಂತ ಪದಗಳು

ಸಂಸ್ಕೃತದ ಶಾಲಾ, ಮಾಲಾ ಎಂಬ ಪದಗಳು ಕನ್ನಡದಲ್ಲಿ ಶಾಲೆ, ಮಾಲೆ ಎಂದಾಗುತ್ತವೆ. ಫಾರ್ಸಿ, ಹಿಂದುಸ್ತಾನಿ ಮತ್ತು ಮರಾಠಿಯ ಆಕಾರಾಂತ ಪದಗಳೂ ಇದೇ ದಾರಿಯಲ್ಲಿ ಎಕಾರಾಂತವಾಗುತ್ತವೆ: ಖಜಾನೆ, ಕಾರ್ಖಾನೆ, ನಮೂನೆ, ಮಸಾಲೆ, ದವಾಖಾನೆ. ಸಮಾಸದಲ್ಲಿ ಮೂಲದ ಆಕಾರ ಮರಳುವ ಗುಣವೂ ಸಮಾನವಾಗಿದೆ. 'ಶಾಲೆ' ಎಂಬುದು 'ಶಾಲಾ ಕಟ್ಟಡ' ಆಗುವಂತೆ 'ಜಿಲ್ಲೆ' ಎಂಬುದು 'ಜಿಲ್ಲಾ ಪಂಚಾಯತಿ' ಆಗುತ್ತದೆ.

ಧಾರವಾಡ ಕನ್ನಡದಲ್ಲಿ ಇದರ ಮುಂದೆ ಇನ್ನೊಂದು ಹಂತವಿದೆ. ಪದಾಂತ್ಯದ ಎಕಾರವು ಇಕಾರವಾಗುವುದು ಈ ಪ್ರಭೇದದ ಪ್ರಮುಖ ಲಕ್ಷಣ. ಮನೆ ಎಂಬುದು ಮನಿ, ಶಾಲೆ ಎಂಬುದು ಸಾಲಿ ಆಗುವಂತೆ ದವಾಖಾನೆ ಎಂಬುದು ದವಾಖಾನಿ, ಮಸಾಲೆ ಎಂಬುದು ಮಸಾಲಿ ಆಗುತ್ತದೆ. ಮರಾಠಿಯ ಬಟಾಟಾ ಎಂಬುದು ಕರಾವಳಿಯಲ್ಲಿ ಬಟಾಟೆ, ಧಾರವಾಡದಲ್ಲಿ ಬಟಾಟಿ. ಸಪ್ತಮಿಯ ರೂಪಗಳಾದ ಮನ್ಯಾಗ, ಸಾಲ್ಯಾಗ, ದವಾಖಾನ್ಯಾಗ ಎಂಬುವನ್ನು ಹೋಲಿಸಿದರೆ ದ್ರಾವಿಡ, ಸಂಸ್ಕೃತ ಮತ್ತು ಫಾರ್ಸಿ ಮೂಲದ ಮೂರು ಪದಗಳು ಒಂದೇ ಅಚ್ಚಿನಲ್ಲಿ ಎರಕಗೊಂಡಿರುವುದು ಕಂಡುಬರುತ್ತದೆ.

### ಒತ್ತಕ್ಷರಗಳ ಬಿಡಿಸುವಿಕೆ

ಉಚ್ಚಾರಣೆಗೆ ಕ್ಲಿಷ್ಟವಾದ ಸಂಯುಕ್ತ ವ್ಯಂಜನಗಳ ನಡುವೆ ಸ್ವರ ಸೇರುವುದಕ್ಕೆ ಸ್ವರಭಕ್ತಿ ಎಂದು ಹೆಸರು. ಅರಬ್ಬಿಯ ನಕ್ಲ್, ಅಸ್ಲ್, ಫಸ್ಲ್, ನಕ್ದ್, ಹುಕ್ಮ್ ಎಂಬ ಪದಗಳು ಕನ್ನಡದಲ್ಲಿ ನಕಲು, ಅಸಲು, ಫಸಲು, ನಗದು, ಹುಕುಂ ಎಂದಾಗಿವೆ. ಇವುಗಳಲ್ಲಿ ಹಲವು ಪದಗಳಲ್ಲಿ ಸ್ವರ ಸೇರುವ ಕ್ರಿಯೆ ಮಧ್ಯವರ್ತಿ ಭಾಷೆಗಳಲ್ಲಿಯೇ ನಡೆದಿತ್ತು. ಕನ್ನಡವು ಅದಕ್ಕೆ ತನ್ನ ಉಕಾರವನ್ನು ಸೇರಿಸಿತು. ಇಂಗ್ಲಿಷ್ ಪದಗಳ ಆರಂಭದ ಒತ್ತಕ್ಷರಗಳು ಗ್ರಾಮೀಣ ಉಚ್ಚಾರಣೆಯಲ್ಲಿ ಮೂರು ರೀತಿ ಬದಲಾಗುತ್ತವೆ. ಕೆಲವೆಡೆ ಮುಂದೆ ಇಕಾರ ಸೇರುತ್ತದೆ (ಇಸ್ಕೂಲು), ಕೆಲವೆಡೆ ನಡುವೆ ಸ್ವರ ಬರುತ್ತದೆ (ಗಿಲಾಸು), ಕೆಲವೆಡೆ ಮೊದಲ ವ್ಯಂಜನವೇ ಬಿದ್ದುಹೋಗುತ್ತದೆ (ಸ್ಟೇಶನ್ ಎಂಬುದಕ್ಕೆ ಟೇಶನ್).

### ವ್ಯಂಜನಗಳು

ಕನ್ನಡದಲ್ಲಿಲ್ಲದ ಧ್ವನಿಗಳಿಗೆ ಹತ್ತಿರದ ಧ್ವನಿಯನ್ನು ಬಳಸಲಾಗುತ್ತದೆ.

- ಇಂಗ್ಲಿಷಿನಲ್ಲಿ ಹಲ್ಲಿನ ವಸಡಿಗೆ ನಾಲಗೆ ತಾಗಿಸಿ ಉಚ್ಚರಿಸುವ ಧ್ವನಿಗಳು ಕನ್ನಡದಲ್ಲಿ ದಂತ್ಯ ತ, ದ ಆಗದೆ ಮೂರ್ಧನ್ಯ ಟ, ಡ ಆಗುತ್ತವೆ: ಟಿಕೆಟ್, ಡಾಕ್ಟರ್, ಕೋಟು.
- ಫಾರ್ಸಿ ಬರಹದಲ್ಲಿ ಬೇರೆ ಬೇರೆ ಅಕ್ಷರಗಳಿಂದ ಸೂಚಿಸುವ ಜಮೀನು, ಜುಲುಮೆ, ಅರ್ಜಿ ಪದಗಳ ಘರ್ಷಧ್ವನಿಯು ಕನ್ನಡದಲ್ಲಿ ಜಕಾರವೊಂದರಿಂದಲೇ ಸೂಚಿತವಾಗುತ್ತದೆ. 'ಕಾಗದ' ಪದದಲ್ಲಿ ಮಾತ್ರ ಅದು ದಕಾರವಾಗಿದೆ.
- ಗಂಟಲಿನ ಒಳಭಾಗದಿಂದ ಹೊರಡುವ ಅರಬ್ಬಿಯ ಕಕಾರವು ಸಾಮಾನ್ಯ ಕಕಾರವಾಗುತ್ತದೆ: ಕಾನೂನು, ಹಕ್ಕು. ಸ್ವರಗಳ ನಡುವೆ ಅದು ಗಕಾರವಾದುದೂ ಉಂಟು: ನಗದು.
- ತುಟಿ ಮತ್ತು ಹಲ್ಲಿನಿಂದ ಹೊರಡುವ ಫಕಾರವನ್ನು ಕೆಲವರು ಹಾಗೆಯೇ ಉಳಿಸಿಕೊಳ್ಳುತ್ತಾರೆ, ಕೆಲವರು ಪಕಾರವಾಗಿಸುತ್ತಾರೆ: ಆಫೀಸು ಮತ್ತು ಆಪೀಸು, ಕಾಫಿ ಮತ್ತು ಕಾಪಿ.
- ರಕಾರ, ಲಕಾರಗಳು ಪರಸ್ಪರ ಬದಲಾಗುವುದೂ ಉಂಟು. ಫಾರ್ಸಿಯ ಜುರ್ಮಾನಾ ಕನ್ನಡದಲ್ಲಿ ಜುಲ್ಮಾನೆಯಾಗಿದೆ.

ಅರಬ್ಬಿಯ 'ಕುರ್ಸಿ' ಎಂಬುದು ಮರಾಠಿಯಲ್ಲಿ 'ಖುರ್ಚಿ' ಆಯಿತು. ಕನ್ನಡದ 'ಕುರ್ಚಿ'ಯಲ್ಲಿರುವ ಚಕಾರವು ಪದವು ಮರಾಠಿಯ ದಾರಿಯಾಗಿ ಬಂದುದನ್ನು ಸೂಚಿಸುತ್ತದೆ. ಹೀಗೆ ಪದದ ಧ್ವನಿರೂಪವೇ ಅದರ ಪ್ರಯಾಣದ ಸಾಕ್ಷ್ಯವಾಗಬಲ್ಲದು.

## ವ್ಯಾಕರಣದ ಹೊಂದಾಣಿಕೆ

### ಲಿಂಗ

ಕನ್ನಡದಲ್ಲಿ ನಾಮಪದದ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮರಾಠಿ ಮತ್ತು ಉರ್ದುವಿನಲ್ಲಿ ನಿರ್ಜೀವ ವಸ್ತುಗಳಿಗೂ ಸ್ತ್ರೀಲಿಂಗ, ಪುಲ್ಲಿಂಗಗಳ ಭೇದವಿದೆ. ಮರಾಠಿಯಲ್ಲಿ 'ಖುರ್ಚಿ' ಸ್ತ್ರೀಲಿಂಗ. ಕನ್ನಡಕ್ಕೆ ಬಂದಾಗ ಆ ಭೇದ ಅಳಿದು ಅದು ನಪುಂಸಕಲಿಂಗವಾಗುತ್ತದೆ. ಮನುಷ್ಯವಾಚಕ ಪದಗಳು ಅಕಾರಾಂತ ಪುಲ್ಲಿಂಗದ ವರ್ಗಕ್ಕೆ ಸೇರುತ್ತವೆ: ವಕೀಲ, ನೌಕರ, ರೈತ. ಇವು 'ಹುಡುಗ' ಎಂಬ ಪದದಂತೆಯೇ ವಕೀಲನು, ವಕೀಲನಿಗೆ, ವಕೀಲರು ಎಂದು ರೂಪ ಪಡೆಯುತ್ತವೆ.

### ಕ್ರಿಯಾಪದ

ಅನ್ಯಭಾಷೆಯ ಪದವನ್ನು ಕ್ರಿಯೆಯಾಗಿ ಬಳಸಲು ಎರಡು ವಿಧಾನಗಳಿವೆ. ಮೊದಲನೆಯದು ಕನ್ನಡದ ಸಹಾಯಕ ಧಾತುವನ್ನು ಸೇರಿಸುವುದು: ಜಮಾ ಮಾಡು, ಶುರು ಆಗು, ಪಾಸಾಗು. ದಕ್ಷಿಣದಲ್ಲಿ 'ಫೋನ್ ಮಾಡು' ಎನ್ನುವುದಕ್ಕೆ ಹುಬ್ಬಳ್ಳಿ-ಧಾರವಾಡದಲ್ಲಿ 'ಫೋನ್ ಹಚ್ಚು' ಎನ್ನುವುದು ರೂಢಿ. ಎರಡನೆಯದು ಹಿಂದುಸ್ತಾನಿ ಅಥವಾ ಮರಾಠಿಯ ಧಾತುವಿಗೆ 'ಇಸು' ಪ್ರತ್ಯಯ ಸೇರಿಸುವುದು: ಚಲಾಯಿಸು, ಬದಲಾಯಿಸು, ಜಮಾಯಿಸು, ಸತಾಯಿಸು, ನಿಭಾಯಿಸು. ಇಂಗ್ಲಿಷ್ ಪದಗಳಲ್ಲಿ ಮೊದಲ ವಿಧಾನವೇ ಪ್ರಧಾನವಾಗಿದೆ.

### ಪ್ರತ್ಯಯಗಳ ಎರವಲು

ಪದಗಳ ಜೊತೆಗೆ ಪ್ರತ್ಯಯಗಳೂ ಎರವಲಾಗಿ ಬಂದಿವೆ. ಫಾರ್ಸಿಯ 'ದಾರ' ಪ್ರತ್ಯಯವು ಮೊದಲು ಜಮೀನ್ದಾರ, ಸರದಾರ ಮುಂತಾದ ಸಿದ್ಧಪದಗಳ ಭಾಗವಾಗಿ ಬಂದಿತು. ಬಳಿಕ ಕನ್ನಡದ ಪದಗಳಿಗೂ ಸೇರಿ ಪಾಲುದಾರ, ಗುತ್ತಿಗೆದಾರ, ಬಾಡಿಗೆದಾರ ಎಂಬ ಹೊಸ ಪದಗಳನ್ನು ಸೃಷ್ಟಿಸಿತು. 'ಷೇರುದಾರ' ಎಂಬ ಪದದಲ್ಲಿ ಇಂಗ್ಲಿಷಿನ ನಾಮಪದ, ಕನ್ನಡದ ಉಕಾರ ಮತ್ತು ಫಾರ್ಸಿಯ ಪ್ರತ್ಯಯ ಒಟ್ಟುಗೂಡಿವೆ. 'ಲಂಚಕೋರ' ಪದದ 'ಕೋರ', 'ಗುಮಾಸ್ತಗಿರಿ' ಪದದ 'ಗಿರಿ', 'ಗೈರುಹಾಜರಿ' ಪದದ 'ಗೈರು', 'ಬೇಜವಾಬ್ದಾರಿ' ಪದದ 'ಬೇ' ಇವೂ ಇದೇ ಬಗೆಯವು.

## ಅರ್ಥದ ಬದಲಾವಣೆ

ಎರವಲು ಪದಗಳ ಅರ್ಥವು ಹಲವು ಬಾರಿ ಮೂಲದಿಂದ ದೂರ ಸರಿಯುತ್ತದೆ.

- ರೈತ: ಅರಬ್ಬಿಯ ಮೂಲಪದಕ್ಕೆ ಪ್ರಜೆಗಳು, ಪಾಲನೆಗೆ ಒಳಪಟ್ಟವರು ಎಂಬ ಅರ್ಥವಿದೆ. ಭೂಕಂದಾಯ ಕೊಡುವ ಪ್ರಜೆಯೇ ಬೇಸಾಯಗಾರನೂ ಆಗಿದ್ದುದರಿಂದ ಭಾರತದಲ್ಲಿ ಅರ್ಥವು ಸಂಕುಚಿತವಾಗಿ ಕೃಷಿಕನಿಗೆ ಸೀಮಿತವಾಯಿತು. ಆಳಲ್ಪಡುವವನನ್ನು ಸೂಚಿಸುತ್ತಿದ್ದ ಈ ಪದವು, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೋರಾಟ ನಡೆದ 1980ರ ಹೊತ್ತಿಗೆ, ಹಕ್ಕು ಕೇಳುವ ಚಳವಳಿಯ ಹೆಸರಾಗಿತ್ತು.
- ರಾಜೀನಾಮೆ: ಮೂಲದಲ್ಲಿ ಒಪ್ಪಿಗೆಪತ್ರ. ಕನ್ನಡದಲ್ಲಿ 'ರಾಜಿ' ಎಂಬುದು ಒಪ್ಪಂದದ ಅರ್ಥವನ್ನು ಉಳಿಸಿಕೊಂಡರೆ, 'ರಾಜೀನಾಮೆ' ಹುದ್ದೆ ತ್ಯಜಿಸುವ ಪತ್ರವಾಗಿದೆ.
- ತಕರಾರು: ಅರಬ್ಬಿಯಲ್ಲಿ ಪುನರಾವರ್ತನೆ, ಕನ್ನಡದಲ್ಲಿ ಆಕ್ಷೇಪ ಅಥವಾ ವಿವಾದ.
- ಜಾಹೀರಾತು: 'ಪ್ರಕಟವಾದ' ಎಂಬ ಅರ್ಥದ ಮೂಲದಿಂದ ಮರಾಠಿಯಲ್ಲಿ ವ್ಯಾಪಾರದ ಪ್ರಚಾರ ಎಂಬ ಅರ್ಥ ಪಡೆದು ಕನ್ನಡಕ್ಕೆ ಬಂದಿದೆ.
- ಹಂಗಾಮು: ಫಾರ್ಸಿಯಲ್ಲಿ ಸಮಯ. ಉತ್ತರ ಕರ್ನಾಟಕದಲ್ಲಿ ಬಿತ್ತನೆ ಅಥವಾ ಸುಗ್ಗಿಯ ಕಾಲ. 'ಹಂಗಾಮಿ' ಎಂದರೆ ತಾತ್ಕಾಲಿಕ.

## ಪ್ರಾದೇಶಿಕ ಭೇದ

ಒಂದೇ ವಸ್ತುವಿಗೆ ಉತ್ತರ ಮತ್ತು ದಕ್ಷಿಣ ಕರ್ನಾಟಕಗಳು ಬೇರೆ ಬೇರೆ ಮಾರ್ಗದಿಂದ ಬಂದ ಪದಗಳನ್ನು ಬಳಸುತ್ತವೆ.

| ಹುಬ್ಬಳ್ಳಿ-ಧಾರವಾಡ | ಹಳೆ ಮೈಸೂರು ಪ್ರದೇಶ |
|---|---|
| ದವಾಖಾನಿ (ಫಾರ್ಸಿ) | ಆಸ್ಪತ್ರೆ (ಇಂಗ್ಲಿಷ್) |
| ಲಿಲಾವು (ಪೋರ್ಚುಗೀಸ್) | ಹರಾಜು (ಅರಬ್ಬಿ) |
| ಚಾವಿ (ಪೋರ್ಚುಗೀಸ್) | ಬೀಗದ ಕೈ (ಕನ್ನಡ) |
| ಪಗಾರ (ಪೋರ್ಚುಗೀಸ್) | ಸಂಬಳ |
| ಕಾಯಿಪಲ್ಲೆ (ಕನ್ನಡ) | ತರಕಾರಿ (ಹಿಂದುಸ್ತಾನಿ) |

ಧಾರವಾಡದ ಮಾತು ಮರಾಠಿ ಬೆರೆತದ್ದು, ದಕ್ಷಿಣದ ಮಾತು ಅಚ್ಚಗನ್ನಡ ಎಂಬ ಸಾಮಾನ್ಯ ಅಭಿಪ್ರಾಯವನ್ನು ಈ ಪಟ್ಟಿ ಸಮರ್ಥಿಸುವುದಿಲ್ಲ. ಎರಡೂ ಕಡೆ ಎರವಲುಗಳಿವೆ, ಮೂಲಗಳು ಮಾತ್ರ ಬೇರೆ. ಆಸ್ಪತ್ರೆ, ಹರಾಜು, ತರಕಾರಿ ಎಂಬ ಪದಗಳು ಪಠ್ಯಪುಸ್ತಕ ಮತ್ತು ಪತ್ರಿಕೆಗಳ ಶಿಷ್ಟ ಭಾಷೆಯಲ್ಲಿ ಸೇರಿರುವುದರಿಂದ ಅವುಗಳ ಅನ್ಯಮೂಲ ಗಮನಕ್ಕೆ ಬರುವುದಿಲ್ಲ.

ಈ ಭೇದವು ಆಡಳಿತದಲ್ಲಿಯೂ ಇತ್ತು. 1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಒಂದೇ ಹುದ್ದೆಗೆ ಬೇರೆ ಹೆಸರುಗಳಿದ್ದವು. ಧಾರವಾಡದ ಕಡೆ ಮಾಮಲೇದಾರ, ಮೈಸೂರಿನ ಕಡೆ ಅಮಲ್ದಾರ ಎನ್ನುತ್ತಿದ್ದ ತಾಲೂಕು ಅಧಿಕಾರಿಗೆ ಮುಂದೆ ತಹಶೀಲ್ದಾರ ಎಂಬ ಹೆಸರು ನೆಲೆಗೊಂಡಿತು. ಮೂರೂ ಪದಗಳು ಅರಬ್ಬಿ ನಾಮಪದಕ್ಕೆ ಫಾರ್ಸಿಯ 'ದಾರ' ಪ್ರತ್ಯಯ ಸೇರಿ ಆದವು. ಭೂದಾಖಲೆಗೆ ದಕ್ಷಿಣದಲ್ಲಿ 'ಪಹಣಿ' ಎಂಬ ಹೆಸರು ಬಳಕೆಯಲ್ಲಿದ್ದರೆ ಧಾರವಾಡ ಭಾಗದ ರೈತರ ಮಾತಿನಲ್ಲಿ 'ಉತಾರ' ಇಂದಿಗೂ ಕೇಳಿಬರುತ್ತದೆ. ಹಳೆಯ ಭೂದಾಖಲೆಗಳನ್ನು ಓದಿ ಅರ್ಥಮಾಡಿಕೊಳ್ಳಲು ಇಂಥ ಪದಗಳ ಪರಿಚಯ ಅಗತ್ಯ.

## ಸಾಮಾಜಿಕ ಆಯಾಮ

ಎರವಲು ಪದವನ್ನು ಎಷ್ಟರ ಮಟ್ಟಿಗೆ ಮಾರ್ಪಡಿಸಿ ಉಚ್ಚರಿಸಲಾಗುತ್ತದೆ ಎಂಬುದು ಶಿಕ್ಷಣ ಮತ್ತು ಸಾಮಾಜಿಕ ಹಿನ್ನೆಲೆಯನ್ನು ಅವಲಂಬಿಸಿದೆ. ಮೂಲಭಾಷೆಯ ಪರಿಚಯವಿರುವವರು ಫಕಾರವನ್ನೂ ಒತ್ತಕ್ಷರಗಳನ್ನೂ ಉಳಿಸಿಕೊಳ್ಳುತ್ತಾರೆ. ಉಳಿದವರ ಮಾತಿನಲ್ಲಿ ಪದವು ಪೂರ್ಣವಾಗಿ ಕನ್ನಡದ ರೂಪ ತಳೆಯುತ್ತದೆ. ಧಾರವಾಡ ಕನ್ನಡದ ಸಾಮಾಜಿಕ ಪ್ರಭೇದಗಳನ್ನು ಅಧ್ಯಯನ ಮಾಡಿದ ವಿಲಿಯಂ ಮ್ಯಾಕ್‌ಕಾರ್ಮಾಕ್ 1960ರಲ್ಲಿ ಆ ಕುರಿತು ಲೇಖನ ಪ್ರಕಟಿಸಿದರು. ಟೇಶನ್, ಇಸ್ಕೂಲು, ಆಪೀಸು ಎಂಬ ಉಚ್ಚಾರಣೆಗಳನ್ನು ಅಪಭ್ರಂಶವೆಂದು ಹಾಸ್ಯಕ್ಕೆ ಗುರಿಪಡಿಸುವುದುಂಟು. ಆದರೆ ಶಿಷ್ಟವೆಂದು ಒಪ್ಪಿರುವ ಆಸ್ಪತ್ರೆ, ನಕಲು, ಕಾಗದ ಎಂಬ ರೂಪಗಳು ಸಹ ಇಂಥದೇ ಮಾರ್ಪಾಡುಗಳಿಂದ ಹುಟ್ಟಿದವು.

## ಲಿಪಿಯಲ್ಲಿ ನಿರೂಪಣೆ

ಕನ್ನಡ ಬರಹದಲ್ಲಿ ಇಂಗ್ಲಿಷ್ ಪದಗಳಿಗೆ ವ್ಯಂಜನಾಂತ ಮತ್ತು ಉಕಾರಾಂತ ರೂಪಗಳೆರಡೂ ಬಳಕೆಯಲ್ಲಿವೆ: ಬಸ್ ಮತ್ತು ಬಸ್ಸು, ಕಾಲೇಜ್ ಮತ್ತು ಕಾಲೇಜು. ಮೂಲದ ಘರ್ಷಧ್ವನಿಗಳನ್ನು ಸೂಚಿಸಲು ಫ಼, ಜ಼ ಎಂದು ಅಕ್ಷರದ ಕೆಳಗೆ ಚುಕ್ಕೆಯಿಡುವ ಪದ್ಧತಿ ಇದ್ದರೂ ಸಾಮಾನ್ಯ ಬರಹದಲ್ಲಿ ಅದು ವಿರಳ.

## ಇತರ ಭಾಷೆಗಳೊಡನೆ ಹೋಲಿಕೆ

ಪದಾಂತ್ಯದಲ್ಲಿ ಸ್ವರ ಸೇರಿಸುವುದು ಕನ್ನಡಕ್ಕಷ್ಟೇ ವಿಶಿಷ್ಟವಲ್ಲ. ಜಪಾನಿ ಭಾಷೆಯಲ್ಲಿ 'ಬಸ್' ಎಂಬುದು 'ಬಸು' ಆಗುತ್ತದೆ. ನೈಜೀರಿಯಾದ ಯೊರುಬಾ ಭಾಷೆಯಲ್ಲಿ ಇಂಗ್ಲಿಷಿನ 'ಬ್ರೆಡ್' ಎಂಬುದು ಒತ್ತಕ್ಷರ ಬಿಡಿಸಿಕೊಂಡು, ಕೊನೆಯಲ್ಲಿ ಇಕಾರ ಪಡೆದು 'ಬುರೆದಿ' ಎಂದಾಗುತ್ತದೆ. ಇದಕ್ಕೆ ಪ್ರತಿಯಾಗಿ ಯೊರುಬಾದ 'ಒರಿಶಾ' (ದೇವತೆ) ಎಂಬ ಪದವು ಇಂಗ್ಲಿಷಿಗೆ ಹೋದಾಗ ಅರ್ಥಭೇದಕವಾದ ಸ್ವರಗಳ ಏರಿಳಿತವನ್ನು ಕಳೆದುಕೊಂಡಿದೆ. ಸ್ವೀಕರಿಸುವ ಭಾಷೆಯ ರಚನೆಯೇ ಪದದ ಹೊಸ ರೂಪವನ್ನು ನಿರ್ಧರಿಸುತ್ತದೆ ಎಂಬುದನ್ನು ಈ ಉದಾಹರಣೆಗಳು ತೋರಿಸುತ್ತವೆ.

## ನಿಘಂಟುಗಳು

ಫರ್ಡಿನೆಂಡ್ ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಹಿಂದುಸ್ತಾನಿ ಮತ್ತು ಮರಾಠಿ ಮೂಲದ ಪದಗಳನ್ನು ಸಂಕೇತಗಳಿಂದ ಗುರುತಿಸಲಾಗಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಅನ್ಯದೇಶ್ಯ ಪದಗಳನ್ನೂ ಒಳಗೊಂಡಿದೆ. ಜಿ. ವೆಂಕಟಸುಬ್ಬಯ್ಯನವರ 'ಎರವಲು ಪದಕೋಶ' ಈ ವಿಷಯಕ್ಕೇ ಮೀಸಲಾದ ಕೃತಿ.

## ಇವನ್ನೂ ನೋಡಿ

- ಧಾರವಾಡ ಕನ್ನಡ
- ತತ್ಸಮ-ತದ್ಭವ
- ಕನ್ನಡ ವ್ಯಾಕರಣ
- ದಖನಿ ಉರ್ದು
- ಕರ್ನಾಟಕದ ಏಕೀಕರಣ